ಮೂಕ ಮೀಟರು

ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿತ್ತು. ಹೊಲಗಳ ಪಂಪುಗಳೆಲ್ಲ ಒಟ್ಟಿಗೇ ಎಚ್ಚರಾಗುವ ಕಾಲ. ಸುಟ್ಟ ಮೋಟಾರುಗಳು ಒಂದರ ಹಿಂದೊಂದು ರಿಪೇರಿ ಅಂಗಡಿಯ ಬಾಗಿಲಿಗೆ ಬಂದು ಕೂತಿದ್ದವು. ಅಂಗಡಿಯವಳು ಮಡಿಲಿಗೆ ಗೋಣಿ ಹಾಸಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದಾಗ ಮಿಸ್ತ್ರಿ ಒಳಗೆ ಬಂದು, ಜೇಬಿನಿಂದ ಹಳದಿ ಮೀಟರು ತೆಗೆದು ಗಲ್ಲಾದ ಪಕ್ಕ ಇಟ್ಟ. ಹಿಂದೆಯೇ ಅವನ ಹೆಂಡತಿ, ತರಕಾರಿ ಚೀಲ ಹಿಡಿದು.

“ಇದೂ ಮೂಕ ಕಣಮ್ಮ,” ಅಂದ.

ಮಿಸ್ತ್ರಿ ಮೂವತ್ತು ವರ್ಷ ಸಾಮಿಲ್ಲಿನಲ್ಲಿ ಮರ ಕೊಯ್ದವನು. ಮಿಲ್ಲು ಬಿಟ್ಟ ಮೇಲೆ ರೇಡಿಯೋ ಕಟ್ಟುವ ಹುಚ್ಚು ಹತ್ತಿತ್ತು. ತಂತಿ ಎಲ್ಲಿ ಕೂಡಿದೆ, ಎಲ್ಲಿ ಕಡಿದಿದೆ ಎಂದು ನೋಡಲು ಒಂದು ಮೀಟರು ಬೇಕಾಯಿತು. ಅದರಲ್ಲಿ ಅವನು ಹುಡುಕುತ್ತಿದ್ದದ್ದು ಒಂದೇ ಗುಣ: ಅದರಿಂದ ಹೊರಟ ಎರಡು ಕಡ್ಡಿಗಳ ನಡುವೆ ತಂತಿ ಸರಿಯಾಗಿ ಕೂಡಿದ್ದರೆ ಮೀಟರು ಕೀ ಎನ್ನಬೇಕು. ಕಣ್ಣು ಬೆಸುಗೆಯ ಮೇಲೆ, ಕೈ ಎರಡೂ ಕಡ್ಡಿಗಳ ಮೇಲೆ. ಬಿಡುವಾಗಿರುವುದು ಕಿವಿಯೊಂದೇ ಎಂಬುದು ಅವನ ಲೆಕ್ಕ. ಆ ಕಿವಿಯಾದರೂ ಅಂತಿಂಥದ್ದಲ್ಲ. ಗರಗಸದ ಒಂದು ಹಲ್ಲು ಮೊಂಡಾದರೂ ದನಿಯಲ್ಲೇ ಹಿಡಿದು ಮಿಲ್ಲು ನಿಲ್ಲಿಸುತ್ತಿದ್ದ ಕಿವಿ. ದೂರದ ಮಿಲ್ಲುಗಳವರೂ ಅವನನ್ನು ಕರೆದೊಯ್ದು ತಮ್ಮ ಗರಗಸದ ದನಿ ಕೇಳಿಸುತ್ತಿದ್ದರು. ಮೊದಲ ಮೀಟರು ಕೂಗುವುದಿಲ್ಲವೆಂದು ಸೋಮವಾರ ವಾಪಸು ತಂದಿದ್ದ. ಬದಲಿಗೆ ಕೊಟ್ಟದ್ದು ಈ ಹಳದಿಯದು.

ಅಂಗಡಿಯವಳು ಇದ್ದಬದ್ದ ಮೀಟರುಗಳನ್ನೆಲ್ಲ ಕೆಳಗಿಳಿಸಿದಳು. ಒಂದರಲ್ಲಿ ಅಂಕಿ ದೊಡ್ಡದು. ಒಂದಕ್ಕೆ ಬೀಳಿಸಿದರೂ ಒಡೆಯದಂತೆ ರಬ್ಬರಿನ ಅಂಗಿ. ಇನ್ನೊಂದು ಕರೆಂಟಿನ ಜೊತೆಗೆ ಬಿಸಿಯನ್ನೂ ಅಳೆಯುತ್ತದೆಂದು ಹೇಳಿದಳು. ತಾನು ಜ್ವರ ನೋಡಿಸಿಕೊಳ್ಳಲು ಬಂದಿಲ್ಲ ಎಂದು ಮಿಸ್ತ್ರಿ ಅದನ್ನು ಬದಿಗೆ ಸರಿಸಿದ. ಉಳಿದವನ್ನು ಒಂದೊಂದಾಗಿ ಎತ್ತಿ, ಕೆಂಪು ಕಡ್ಡಿಯ ಮೊನೆಗೆ ಕಪ್ಪು ಕಡ್ಡಿಯ ಮೊನೆ ತಾಗಿಸಿ, ತಲೆ ವಾರೆ ಮಾಡಿ ಆಲಿಸಿದ. ಒಂದೂ ತುಟಿಪಿಟಕ್ಕೆನ್ನಲಿಲ್ಲ. ಪೇಟೆಯವರು ಅವಳಿಗೆ ಟೋಪಿ ಹಾಕಿದ್ದಾರೆ, ಎಲ್ಲವನ್ನೂ ಪೆಟ್ಟಿಗೆ ಸಮೇತ ಹಿಂದಕ್ಕೆ ಕಳಿಸುವುದು ಒಳ್ಳೆಯದು ಎಂದು ಬುದ್ಧಿ ಹೇಳಿದ. ಏನೋ ಹೇಳಲು ಬಾಯಿ ತೆರೆದ ಅಂಗಡಿಯವಳು ಅವನ ಹೆಂಡತಿಯ ಮುಖ ನೋಡಿ ಮತ್ತೆ ತಂತಿ ಕೈಗೆತ್ತಿಕೊಂಡಳು.

ತಂತಿಯ ಉರುಳೆಗಳ ನಡುವೆ ಅಂಗಡಿಯ ಬೆಕ್ಕು ಮಲಗಿತ್ತು. ಕೊನೆಯ ಮೀಟರಿನ ಕಡ್ಡಿಗಳನ್ನು ತಾಗಿಸಿದಾಗ ಅದರ ಒಂದು ಕಿವಿ ಅವನತ್ತ ತಿರುಗಿತು. ಕಡ್ಡಿ ಬಿಡಿಸಿದ, ಕಿವಿ ಮೊದಲಿನಂತಾಯಿತು. ಮಿಸ್ತ್ರಿ ಇನ್ನೊಮ್ಮೆ ತಾಗಿಸಿದ. ಬೆಕ್ಕು ಕಣ್ಣು ತೆರೆಯದೆ ಮತ್ತೆ ಕಿವಿ ತಿರುಗಿಸಿತು. ಅವನು ಹಳದಿ ಮೀಟರನ್ನೇ ಎತ್ತಿಕೊಂಡು, ಮೊನೆಗೆ ಮೊನೆ ಒತ್ತಿ, ಬಿಡದೆ ಹಿಡಿದ. ಬೆಕ್ಕು ಬೇಸತ್ತು ಎದ್ದಿತು, ಮೈ ಮುರಿಯಿತು, ಹೊಸಿಲು ದಾಟಿ ಹೋಯಿತು.

ಮಿಸ್ತ್ರಿ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟ. ಬೆರಳಿನಿಂದ ಒಮ್ಮೆ ಕಿವಿ ಮುಟ್ಟಿಕೊಂಡ, ಅದು ಇದ್ದಲ್ಲೇ ಇದೆಯೋ ಇಲ್ಲವೋ ಎಂಬಂತೆ. ಹೊರಗೆ ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು, ಅವು ಅವನಿಗೆ ಚೆನ್ನಾಗಿಯೇ ಕೇಳುತ್ತಿದ್ದವು. ಸಣ್ಣ ದನಿ ಮಾತ್ರ ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿತ್ತು.

“ನಿನಗೆ ಗೊತ್ತಿತ್ತೇನೇ?” ಹೆಂಡತಿಯನ್ನು ಕೇಳಿದ.

“ಎರಡು ವರ್ಷ ಆಯ್ತು.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳ್ದೆ ಕಣ್ರೀ. ಅಡುಗೆಮನೆಯಿಂದ ದಿನಾ ಹೇಳ್ತಿದ್ದೆ.”

ಅವಳ ತುಟಿಯಂಚಿನಲ್ಲಿ ನಗುವಿತ್ತು. ಕೈ ಮಾತ್ರ ಆಗಲೇ ಅವನ ತೋಳು ಹಿಡಿದಿತ್ತು. ಮಿಸ್ತ್ರಿ ಆಮೇಲೆ ಅಂಗಡಿಯವಳ ಕಡೆ ತಿರುಗಿದ.

“ಮಗಳೇ, ನಿನಗೊಂದು ಬಾಕಿ ತೀರಿಸಬೇಕು. ಸೋಮವಾರ ಕ್ಷೌರದಂಗಡೀಲಿ ಕೂತು, ನಾಲ್ಕು ಜನರ ಎದುರಿಗೆ, ನೀನು ಪೊಳ್ಳು ಮಾಲು ಮಾರ್ತೀಯ ಅಂದುಬಿಟ್ಟೆ. ಈಗಲೇ ಹೋಗಿ ಆ ಮಾತು ವಾಪಸು ತಗೊಂಡು ಬರ್ತೀನಿ. ಮೀಟರು ಸರಿಯಾಗಿದೆ, ಕಿವಿ ಕೆಟ್ಟಿದೆ ಅಂತ ಹೇಳ್ತೀನಿ.”

ಅಂಗಡಿಯವಳು ಗಲ್ಲಾದ ಕೆಳಗೆ ಕೈ ಹಾಕಿ, ಅದುವರೆಗೂ ತೋರಿಸದಿದ್ದ ಇನ್ನೊಂದು ಮೀಟರು ತೆಗೆದಳು. ಕಡ್ಡಿ ತಾಗಿಸಿದಳು. ಅದರ ನೆತ್ತಿಯ ಮೇಲೆ ಕಾಳಿನಷ್ಟು ಕೆಂಪು ದೀಪ ಹೊತ್ತಿಕೊಂಡಿತು.

“ಇದು ಬಂದು ಎರಡು ದಿನ ಆಯ್ತು ದೊಡ್ಡಪ್ಪ. ಏನಂತ ಹೇಳಿ ಕೊಡೋದು ಅಂತ ಗೊತ್ತಾಗ್ದೆ ಒಳಗಿಟ್ಟಿದ್ದೆ,” ಎಂದು ಅವನ ಕಿವಿಯ ಹತ್ತಿರ ಬಾಗಿ, ದನಿ ಏರಿಸಿ ಹೇಳಿದಳು. “ಸೋಮವಾರ ನೀವು ಅವರಂಗಡಿಯಿಂದ ಆ ಕಡೆ ಹೋಗ್ತಿದ್ದ ಹಾಗೇ ಕ್ಷೌರದಂಗಡಿ ಮಾಮ ಇಲ್ಲಿಗೆ ಬಂದಿದ್ರು. ಮಿಸ್ತ್ರಿಗೆ ದೀಪ ಹತ್ತೋ ಮೀಟರು ತರಿಸಿಕೊಡು, ನಾನು ಹೇಳ್ದೆ ಅಂತ ಮಾತ್ರ ಹೇಳಬೇಡ ಅಂದ್ರು.”