ಅವ್ವನ ಒಂದೆಳೆ ಕೂದಲು

ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಉದ್ದ ಕೂದಲು ಕಂಡರೆ ಇವತ್ತಿಗೂ ನನ್ನ ಮೂಗಿಗೆ ಹಸಿ ನೆಲದ ವಾಸನೆ ಬರುತ್ತದೆ.

ನಮ್ಮ ಬನಹಟ್ಟಿ ಆಗ ಮುಂಬೈ ರಾಜ್ಯದಲ್ಲಿತ್ತು. ಗಾಳಿಯಲ್ಲಿ ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ ಎಂದು ಸಾಲೆಯಲ್ಲಿ ಮಾಸ್ತರರು ಹೇಳಿದ್ದರು. ಕೆಮ್ಮು ಹಿಡಿದು ಮಗ್ಗದ ಕೋಣೆಯಲ್ಲೇ ಮಲಗಿದ್ದ ಅವ್ವ ತನ್ನದೇ ಒಂದು ಕೂದಲು ಕೊಟ್ಟಳು. ಎಣ್ಣೆ ಹೋಗುವಂತೆ ಅದನ್ನು ಸೀಗೆಕಾಯಿ ಹಚ್ಚಿ ತೊಳೆದು ಗೋಡೆಯ ಮೊಳೆಗೆ ಇಳಿಬಿಟ್ಟೆ. ಕಸಬರಿಗೆ ಕಡ್ಡಿಯ ಒಂದು ತುದಿಯನ್ನು ಗೋಡೆಗೆ ಸಡಿಲವಾಗಿ ಸಿಕ್ಕಿಸಿ, ಇನ್ನೊಂದನ್ನು ಆ ಕೂದಲಿಗೆ ಕಟ್ಟಿದೆ. ಕೂದಲು ಗಿಡ್ಡವಾದರೆ ಕಡ್ಡಿ ಮೇಲೇರುತ್ತಿತ್ತು, ಉದ್ದವಾದರೆ ಕೆಳಗಿಳಿಯುತ್ತಿತ್ತು.

ಆ ಮಧ್ಯಾಹ್ನ ಬಿಸಿಗಾಳಿ ಬೀಸುತ್ತಿತ್ತು. ಅಪ್ಪ ಲಾಳಿ ಎಸೆದಾಗಲೆಲ್ಲ ಎಳೆ ಹರಿಯುತ್ತಿತ್ತು. ನೆಲಕ್ಕೆ ನೀರು ಹೊಡೆದರೆ ನೂಲು ಹರಿಯದೆ ತಾಳುತ್ತಿತ್ತು, ಆದರೆ ಆ ತಂಪಿಗೆ ಅವ್ವನ ಕೆಮ್ಮು ಏರುತ್ತಿತ್ತು. ಅಪ್ಪ ಹರಿದ ಎಳೆಗಳಿಗೆ ಗಂಟು ಹಾಕುತ್ತಲೇ ಕೂತಿದ್ದ.

"ಕಡ್ಡಿ ಎಲ್ಲಿ ಐತಿ ನೋಡವಾ," ಅಂದಳು ಅವ್ವ.

"ಮ್ಯಾಲ ಹೋಗೇತಿ, ಯವ್ವಾ," ಅಂದೆ.

ಅವ್ವ ಅಪ್ಪನ ಕಡೆ ತಿರುಗಿದಳು. "ಕೇಳಿದ್ರಿಲ್ಲ? ಗಾಳಿ ಒಣಗೇತಿ. ನೀರ ಹೊಡೀರಿ."

"ನೀ ಸುಮ್ನ ಮಲಕೋ."

"ನಾ ಮಲಕೊಂಡರ ನೂಲು ಹರಿಯೂದು ನಿಂದರತೈತೇನ್ರಿ?"

ಅಪ್ಪ ತಂಬಿಗೆ ಎತ್ತಿಕೊಂಡ. ನೆಲ ಕಪ್ಪಾಯಿತು, ಕಡ್ಡಿ ಮೆಲ್ಲಗೆ ಕೆಳಗಿಳಿಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿದಳು. ಸಂಜೆಯವರೆಗೆ ಒಂದೆಳೆಯೂ ಹರಿಯಲಿಲ್ಲ.

ಮುಂದಿನ ಬೇಸಿಗೆಗೆ ಅವ್ವ ಇರಲಿಲ್ಲ. ಕಡ್ಡಿ ಇತ್ತು. ಅಪ್ಪ ದಿನಾಲೂ ಮಗ್ಗದ ಕುಣಿಗೆ ಇಳಿಯುವ ಮೊದಲು, ತಾನು ಮಾತ್ರ ಆ ಗೋಡೆಯ ಕಡೆ ನೋಡದೆ, ನನ್ನನ್ನು ಕೇಳುತ್ತಿದ್ದ:

"ನಿಮ್ಮವ್ವ ಏನಂತಾಳ, ನೋಡವಾ."