ಬಲಕ್ಕೆ ವಾಲುವ ಹಲಗೆ

ಹಲಗೆ ಮತ್ತೆ ಬಲಕ್ಕೆ ವಾಲಿತು. ಗುರುವಪ್ಪ ಜಗಲಿಯ ಮೇಲೆ ದೊಪ್ಪನೆ ಬಿದ್ದ. ರಸ್ತೆಯಲ್ಲಿ ಹೋಗುತ್ತಿದ್ದವರು ನೋಡಿಯೂ ನೋಡದ ಹಾಗೆ ಹೋದದ್ದರಿಂದ ಅವನಿಗೆ ಬಿದ್ದದ್ದಕ್ಕಿಂತ ಹೆಚ್ಚು ನೋವಾಯಿತು.

“ಇದರಲ್ಲಿ ಯಾರದೋ ಕೈವಾಡ ಉಂಟು,” ಎಂದ, ಹೆಂಡತಿಯ ಭುಜ ಹಿಡಿದು ಏಳುತ್ತ.

ನೀಲಾವತಿ ಅವನನ್ನು ಗೋಡೆಗೆ ಒರಗಿಸಿ, ಬಿಸಿನೀರು ತರಲು ಬಚ್ಚಲಿಗೆ ಹೋದಳು.

ಸಂಶಯ ಬರದೆ ಇದ್ದೀತೆ? ಕಬಕದಿಂದ ಕಡಬದವರೆಗೆ ಅಡ್ಡಹಲಗೆಯ ಗುರುವಪ್ಪ ಎಂದರೆ ದೊಡ್ಡ ಹೆಸರು. ಕಂಬಳದ ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ನಿಂತು, ಕೆಸರುಗದ್ದೆಯ ಈ ತುದಿಯಿಂದ ಆ ತುದಿಗೆ ಹಾರಿಹೋಗುತ್ತಿದ್ದವನು. ಎಪ್ಪತ್ತೆಂಟರ ಕಂಬಳದಲ್ಲಿ ಹಗ್ಗ ತುಂಡಾಗಿ ಬಲಗಾಲಿನ ಮಂಡಿ ತಿರುಚಿತು. ಪಟ್ಟಿ ಬಿಚ್ಚಿದ ಮೇಲೆ ಮಂಗಳೂರಿನ ಡಾಕ್ಟರು ಒಂದು ಚಿತ್ರ ಬರೆದುಕೊಟ್ಟರು. ಮೇಲೆ ಒಂದು ಹಲಗೆ, ಅಡಿಯಲ್ಲಿ ಅರ್ಧ ಚೆಂಡಿನಂಥ ಮರದ ತುಂಡು. ದಿನಾ ಅದರ ಮೇಲೆ ವಾಲದೆ ನಿಲ್ಲಲು ಕಲಿತರೆ ಮಂಡಿಗೆ ಬಲ ಬರುತ್ತದೆ ಎಂದರು. ಬಡಗಿ ತೀರ್ಥರಾಮ ಹಲಸಿನ ಮರದಲ್ಲಿ ಅಚ್ಚುಕಟ್ಟಾಗಿ ಮಾಡಿಕೊಟ್ಟ.

ಜಡಿಮಳೆಯ ಆಟಿ ತಿಂಗಳಲ್ಲಿ ಗುರುವಪ್ಪ ಅದರ ಮೇಲೆ ನಿಂತು ಎಲೆಗೆ ಸುಣ್ಣ ಹಚ್ಚಿ ಮೆಲ್ಲುವಷ್ಟಾಗಿದ್ದ. ಅದರ ಮುಂದಿನ ಸೋಣ ತಿಂಗಳು ಬರುತ್ತಲೇ ನಿಂತ ಕೂಡಲೇ ಬೀಳತೊಡಗಿದ. ಯಾವಾಗಲೂ ಬಲಕ್ಕೇ. ದೀಪಾವಳಿಯ ಹೊತ್ತಿಗೆ ಕೋಣಗಳ ಯಜಮಾನರು, ಕೆದಂಬಾಡಿಯ ಶೀನಪ್ಪನವರು, ಬಂದು ನೋಡುವವರಿದ್ದರು. ನೆಟ್ಟಗೆ ನಿಂತರೆ ಈ ವರ್ಷವೂ ಕೋಣಗಳು ಇವನಿಗೆ, ಇಲ್ಲದಿದ್ದರೆ ಇವನಂತೆಯೇ ಹಲಗೆ ಓಡಿಸುವ ಗೆಳೆಯ ದೇವದಾಸನಿಗೆ. ಕಂಬಳ ತಪ್ಪಿದ ಗುರುವಪ್ಪನನ್ನು ಯಾರು ಕೇಳುತ್ತಾರೆ?

ನೀಲಾವತಿಯ ಆರೈಕೆಯಲ್ಲಿ ಮಾತ್ರ ಕುಂದು ಹುಡುಕುವಂತಿರಲಿಲ್ಲ. ಬೆಳಿಗ್ಗೆ ಕಾಲಿಗೆ ಬಿಸಿನೀರು, ಸಂಜೆ ಎಣ್ಣೆ. ಗೆದ್ದಲು ಹಿಡಿಯಬಾರದೆಂದು ಹಲಗೆಯ ಅಡಿಗೂ ಎಣ್ಣೆ. ಅವನು ನಿಲ್ಲುವಾಗ ಎಡಗೈ ಹಿಡಿದುಕೊಳ್ಳುತ್ತಿದ್ದಳು. ಬಲಗಡೆಗೆ ಎಂದೂ ಬಂದವಳಲ್ಲ. ಎಂಥ ಮಳೆಯಲ್ಲೂ ಅವಳ ಬಚ್ಚಲ ಒಲೆ ತಟ್ಟನೆ ಹತ್ತಿಕೊಳ್ಳುತ್ತಿತ್ತು. ಎರಡು ವರ್ಷದ ಹಿಂದೆ ಅದೇ ಬಚ್ಚಲಲ್ಲಿ ಜಾರಿಬಿದ್ದು ಅವಳ ಬಸಿರು ಇಳಿದುಹೋದದ್ದು ಊರಿಗೆಲ್ಲ ಗೊತ್ತಿತ್ತು. ಅಷ್ಟು ಸಂಕಟ ನುಂಗಿಕೊಂಡವಳು ಗಂಡನನ್ನು ಹೇಗೆ ನೋಡಿಕೊಳ್ಳುತ್ತಾಳೆ ನೋಡಿ ಎಂದು ಜನ ಹೊಗಳುತ್ತಿದ್ದರು.

ಪಕ್ಕದ ಮನೆಯ ಕದೀಜಮ್ಮ ಮಾತ್ರ ಹೊಗಳಿಕೆಯಲ್ಲೂ ಚುಚ್ಚುವವರು. ಬಸಿರು ಇಳಿದ ದಿನ ನೀಲಾವತಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವರು ಅವರೇ. ಒಂದು ದಿನ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ತಂದರು.

“ನಿನ್ನ ಯೋಗ್ಯತೆಗೆ ಇವಳು ಹೆಚ್ಚಾದಳು ಗುರುವಪ್ಪ.”

ತಮಾಷೆ ಎಂದುಕೊಂಡು ಅವನು ನಕ್ಕ. ಅವರು ನಗಲಿಲ್ಲ. ಗಂಜಿಗೆ ಒಳ್ಳೆಯದಾಯಿತು ಎಂದು ಅವನು ಭರಣಿಗೆ ಕೈಚಾಚಿದರೆ, ಅದನ್ನೆತ್ತಿ ನೀಲಾವತಿಯ ಕೈಯಲ್ಲಿಟ್ಟರು.

ಮರುದಿನ ದೇವದಾಸ ಬಂದ. ಎಂದಿನಂತೆ ಕ್ಷೇಮ ವಿಚಾರಿಸಿ, ಹಲಗೆಯನ್ನು ತಿರುಗಿಸಿ ನೋಡಿದ.

“ಇದು ಒಂದು ಬದಿಗೆ ಸವೆದ ಹಾಗೆ ಉಂಟಲ್ಲ ಮಾರಾಯ!”

ಗುರುವಪ್ಪನಿಗೆ ಎಲ್ಲವೂ ಹೊಳೆಯಿತು. ವಾರಕ್ಕೊಮ್ಮೆ ಬರುವವನು ಇವನು. ಹಲಗೆ ಮುಟ್ಟುವವನು ಇವನು. ತಾನು ಬಿದ್ದರೆ ಏಳುವವನೂ ಇವನೇ!

“ಸವೆಸಿದವನಿಗೆ ಗೊತ್ತಾಗದೆ ಎಂತ?” ಎಂದು ಊರುಗೋಲನ್ನು ಬೀಸಿಯೇಬಿಟ್ಟ.

“ವಾಲಿದ್ದು ನಿನ್ನ ತಲೆ,” ಎಂದು ದೇವದಾಸ ಅಂಗಳ ದಾಟಿದ. ಒಟ್ಟಿಗೆ ಕೆಸರು ಮೆತ್ತಿಕೊಂಡು ಬೆಳೆದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ನೀಲಾವತಿ ಅವನಿಗೆಂದು ತಂದ ಪಾನಕದ ಲೋಟವನ್ನು ಸುಮ್ಮನೆ ಒಳಗೆ ಕೊಂಡುಹೋದಳು.

ತೀರ್ಥರಾಮ ಬಂದು ಅಡಿಗೆ ಹೊಸ ತುಂಡು ಕೂರಿಸಿದ. ಆ ದಿನ ಗುರುವಪ್ಪ ಹಲಗೆಯ ಮೇಲೆ ಕಂಬದಂತೆ ನಿಂತ! ಇಳಿದು ಬಲಗಾಲನ್ನು ನೆಲಕ್ಕೆ ಬಡಿದು ನೋಡಿದ, ಗಟ್ಟಿ. ಆಮೇಲೆ ಕಾಫಿ ಆರಿದೆ ಎಂದು ಗದರಿದ. ನೀಲಾವತಿ ಗೋಡೆಯ ತನಕ ಹಿಂದೆ ಸರಿದಳು. ಎಷ್ಟೋ ತಿಂಗಳ ಮೇಲೆ ತಾನು ಮನೆಯ ಗಂಡಸಾದ ಹಾಗೆ ಅನಿಸಿ ಅವನಿಗೆ ಖುಷಿಯಾಯಿತು.

ಶೀನಪ್ಪನವರು ಬಂದದ್ದು ಮಾರನೆಯ ಬೆಳಿಗ್ಗೆಯೇ. ಗುರುವಪ್ಪ ಜಂಬದಿಂದ ಹಲಗೆ ಹತ್ತಿದ. ಹಲಗೆ ಬಲಕ್ಕೆ ವಾಲಿತು. ಮಂಡಿಯಲ್ಲಿ ಟಕ್ಕೆಂದು ಸದ್ದಾಯಿತು.

“ಪಾಪ, ಇನ್ನು ನೀನು ಕೂತೇ ನೋಡುದು ಒಳ್ಳೆದು,” ಎಂದು ಯಜಮಾನರು ಚಪ್ಪಲಿ ಮೆಟ್ಟಿದರು. ಎಷ್ಟು ಕಂಬಳ ಗೆದ್ದುಕೊಟ್ಟಿದ್ದ ಅವರಿಗೆ! ತಿರುಗಿಯೂ ನೋಡಲಿಲ್ಲ.

ಬಿಸಿನೀರಿಗೆ ಕೂಗಿದರೆ ನೀಲಾವತಿ ಬರಲಿಲ್ಲ. ಅದು ಮೊದಲ ಸಲ. ಗುರುವಪ್ಪ ಹಲ್ಲು ಕಚ್ಚಿ, ಕುಂಡೆಯಲ್ಲಿ ತೆವಳುತ್ತ ಬಚ್ಚಲಿಗೆ ಹೋದ. ಅವಳು ಒಲೆಯ ಮುಂದೆ ಕೂತಿದ್ದಳು. ಬದಿಯಲ್ಲಿ ಕತ್ತಿ, ಬುಟ್ಟಿಯಲ್ಲಿ ಮರದಿಂದ ಹೆರೆದ ಹಸಿ ಹಳದಿ ಬಣ್ಣದ ಚಕ್ಕೆಗಳು. ಹಲಸಿನವು. ಹಿಡಿಹಿಡಿಯಾಗಿ ಬೆಂಕಿಗೆ ಹಾಕುತ್ತಿದ್ದಳು.

“ನೀನಾ?” ಅವನು ಬುಟ್ಟಿಯಿಂದ ಒಂದು ಚಕ್ಕೆ ಎತ್ತಿದ. “ನಾನು ನಿನಗೆ ಎಂತ ಮಾಡಿದ್ದೇನೆ?”

ನೀಲಾವತಿ ಮೊದಲ ಬಾರಿಗೆ ಅವನ ಬಲಗಡೆಗೆ ಬಂದು ನಿಂತಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

“ಅವತ್ತು ಇಲ್ಲಿ ನಾನು ಜಾರಿಬಿದ್ದದ್ದಲ್ಲ ಅಂತ ನಿಮ್ಮ ಈ ಕಾಲಿಗೆ ಗೊತ್ತುಂಟು. ಈಗ ಪುನಃ ಒಂದು ಹೊಟ್ಟೆಯಲ್ಲಿ ಉಂಟು, ಇದಾದರೂ ಉಳಿಯಲಿ.”