ಸುಶೀಲಾಬಾಯಿ ಉಳಿಸಿದ ಪಾರ್ಕು

ಆ ಮನುಷ್ಯ ಪಾರ್ಕಿನ ಸುತ್ತ ಮತ್ತೊಂದು ಸುತ್ತು ಹಾಕಿ, ಮುಚ್ಚಿದ ಬಾವಿಯ ಕಟ್ಟೆಯ ಬಳಿ ನಿಂತು ಫೋಟೊ ತೆಗೆದ. ಬೇವಿನ ಮರದ ಕೆಳಗೆ ಕೂತಿದ್ದ ಸುಶೀಲಾಬಾಯಿಗೆ ಇನ್ನು ಅನುಮಾನ ಉಳಿಯಲಿಲ್ಲ. ಇವನು ಬಿಲ್ಡರನ ದಲಾಲನೇ.

ನಾಸಿಕ್‌ನ ಆ ಕಾಲನಿಯಲ್ಲಿ ಕೆಲವು ದಿನಗಳಿಂದ ಅದೇ ಗುಸುಗುಸು. ಪಾರ್ಕಿನ ಮೇಲೆ ಯಾರದೋ ಕಣ್ಣು ಬಿದ್ದಿದೆ, ಮಾಲ್ ಏಳುತ್ತದೆ ಅಂತ. ಕೇಳಿದಾಗಿನಿಂದ ಸುಶೀಲಾಬಾಯಿಗೆ ಊಟ ಸೇರಿರಲಿಲ್ಲ. ಬೀದರಿನಿಂದ ಅವಳು ಮದುವೆಯಾಗಿ ಬಂದಾಗ ಇದು ಕಸದ ಗುಂಡಿ. ಅದಕ್ಕೂ ಮೊದಲು ದ್ರಾಕ್ಷಿ ತೋಟ. ಇನ್ನೂ ಹಿಂದೆ, ತ್ರ್ಯಂಬಕೇಶ್ವರಕ್ಕೆ ಹೋಗುವವರ ಎತ್ತಿನಗಾಡಿಗಳು ಬಾವಿಯ ನೀರಿಗೆಂದು ಇಲ್ಲಿ ನಿಲ್ಲುತ್ತಿದ್ದವಂತೆ. ಹೆಂಗಸರನ್ನು ಕಟ್ಟಿಕೊಂಡು ಕಸ ಎತ್ತಿಸಿದವಳು, ಈ ಬೇವು ನೆಟ್ಟವಳು ಅವಳೇ. ಮಗಳು ಅಶ್ವಿನಿ ತಾನೇ ಆರಿಸಿಕೊಂಡ ಹುಡುಗ ಗುರುಪ್ರಸಾದನನ್ನು ಮದುವೆಯಾಗಿ ದೂರ ಹೊರಡುವವಳಿದ್ದಳು. ಪಾರ್ಕೂ ಹೋದರೆ ತನಗೆ ಉಳಿಯುವುದೇನು?

ಅವನ ಫೋನು ಬಡಿದುಕೊಂಡಿತು. "ಜಾಗಾ ಭಾರಿ ಅದ. ಇವತ್ತೇ ಮುಗಿಸಿಬಿಡ್ತೀನಿ," ಎಂದ.

ಕನ್ನಡ! ತಮ್ಮವನೇ ಇಂಥ ಕೆಲಸಕ್ಕೆ ಇಳಿದನಲ್ಲ ಎಂದು ಅವಳ ಮೈ ಉರಿಯಿತು. ಆದರೆ ಜಗಳಾಡಿ ಓಡಿಸಿದರೆ ಇಂಥವರು ಹಿಂಬಾಗಿಲಿನಿಂದ ಬರುತ್ತಾರೆ. ದನಿ ಮೆತ್ತಗೆ ಮಾಡಿದಳು.

"ಏನ್ ನೋಡ್ಲಕತ್ತೀರಿ ಅಣ್ಣಾರ?"

"ಕನ್ನಡದವರಾ? ಛಲೋ ಆಯ್ತು ನೋಡ್ರಿ." ಅವನ ಮುಖ ಅರಳಿತು. "ಮೊದಲ ಇಲ್ಲಿ ಏನಿತ್ರಿ?"

"ಏನಿರಲಿಲ್ಲ ಅಂತ ಕೇಳ್ರಿ. ಗಾಡಿಯವರು ನೀರಿಗೆ ನಿಲ್ತಿದ್ರು. ಬಾವ್ಯಾಗ ಇಣುಕಿದವರು ಎಷ್ಟೋ ಮಂದಿ ಮ್ಯಾಲ ಬರಲೇ ಇಲ್ಲ. ಆಮ್ಯಾಲ ದ್ರಾಕ್ಷಿ ಹಾಕಿದಾತ ಹುಚ್ಚ ಆದ. ಕಸದ ಗುಂಡಿ ಇದ್ದಾಗ ಬರೇ ಹಾವು. ಈಗ? ಹುಣ್ಣಿಮಿ ದಿನ ಆ ಜೋಕಾಲಿ ತಾನ ತೂಗ್ತದ."

ಅವನು ನಕ್ಕುಬಿಟ್ಟ. "ನಾ ದೆವ್ವಕ್ಕ ಹೆದರಂಗಿಲ್ರಿ. ಮತ್ತ ಈ ಪಾರ್ಕ್ ಬಿಟ್ಟು ಹೋಗಂಗಿಲ್ಲ ಅಂತ ಹಟ ಹಿಡದವರೂ ಅದಾರಲ್ಲ?"

ಎಲ್ಲ ವಿಚಾರಿಸಿಕೊಂಡೇ ಬಂದಿದ್ದಾನೆ! ಸುಶೀಲಾಬಾಯಿ ಕೊನೆಯ ಬಾಣ ಬಿಟ್ಟಳು.

"ಅದಾರ. ಸುಶೀಲಾಬಾಯಿ ಅಂತ ಒಬ್ಬಾಕಿ ಅದಾಳ."

ಅವನ ನಗು ನಿಂತಿತು. "ಯಾರ್ರಿ? ವಿಶ್ವನಾಥಪ್ಪನವರ ಮನಿಯವರಾ?"

ಗಂಡನ ಹೆಸರೂ ಗೊತ್ತು! "ಆಕಿನೇ. ನಿಮಗ ಪರಿಚಯ ಏನು?"

"ಇಲ್ರಿ... ಇನ್ನೂ ಭೇಟಿ ಆಗಿಲ್ಲ."

"ಆಗಬ್ಯಾಡ್ರಿ. ಇಲ್ಲಿ ತಳ ಊರಿದವರ ಮನಿ ಮುಂದ ಬಂದು ಕೂಡ್ತಾಳ. ಬೈಲಕ ಸುರು ಮಾಡಿದ್ರ ಮುತ್ತಜ್ಜನ ತನಕ ಬಿಡಂಗಿಲ್ಲ. ಆಕಿ ಗಂಡ ಪಾಪ, ಬಾಯಿ ಬಿಟ್ಟು ಮಾತಾಡಿ ಎಷ್ಟು ವರ್ಷ ಆಯ್ತೋ."

ಅವನು ಹಣೆ ಒರೆಸಿಕೊಂಡ. ಎರಡೂ ಕೈ ಜೋಡಿಸಿದ. "ಅಕ್ಕಾರ, ಭಾಳ ಉಪಕಾರ ಆಯ್ತು. ದೇವರು ನಿಮ್ಮನ್ನ ಕಳಿಸಿದಂಗ ಆಯ್ತು." ಸಿಕ್ಕ ರಿಕ್ಷಾ ಹತ್ತಿ ಹೋದವನು ಹಿಂದಿರುಗಿಯೂ ನೋಡಲಿಲ್ಲ.

ಸುಶೀಲಾಬಾಯಿ ಗೆದ್ದ ಪೈಲವಾನನ ಹಾಗೆ ಮನೆಗೆ ಬಂದು, ಒಲೆಯ ಮೇಲೆ ಶಿರಾಕ್ಕೆ ರವೆ ಹುರಿಯತೊಡಗಿದಳು. "ಪಾರ್ಕ್ ಉಳಿಸಿ ಬಂದೆ!" ಎಂದು ಗಂಡನಿಗೆ ಕೂಗಿ ಹೇಳಿದಳು. ವಿಶ್ವನಾಥಪ್ಪ ಪೇಪರಿನ ಹಿಂದೆ ತಲೆಯಾಡಿಸಿದರು.

ಸಂಜೆ ಅಶ್ವಿನಿ ಆಫೀಸಿನಿಂದ ಬಂದವಳೇ ಬ್ಯಾಗು ಎಸೆದು ಕುರ್ಚಿಯಲ್ಲಿ ಕುಸಿದಳು.

"ಅವ್ವಾ, ಎಲ್ಲಾ ಕೆಟ್ಟಿತು. ನಾ ನಿನ್ನ ಬಿಟ್ಟು, ಈ ಪಾರ್ಕ್ ಬಿಟ್ಟು ದೂರ ಹೋಗಂಗಿಲ್ಲ ಅಂತ ಅತ್ತಿದ್ನಲ್ಲ, ಅದಕ್ಕ ಗುರುಪ್ರಸಾದನ ಪಪ್ಪಾ ಸಂಭಾಜಿನಗರದಿಂದ ಬಂದಿದ್ರು. ಪಾರ್ಕಿನ ಎದುರ ನಮಗ ಫ್ಲಾಟ್ ತೊಗೊಂಡು, ಸರ್‌ಪ್ರೈಜ್ ಕೊಡಬೇಕಂತ. ಈಗ ಸಾಫ್ ಬ್ಯಾಡ ಅಂತಾರ. ಮದುವಿ ಆದ ಮ್ಯಾಲ ಸಂಭಾಜಿನಗರದಾಗೇ ಇರ್ರಿ ಅಂದ್ರಂತ."

ಸುಶೀಲಾಬಾಯಿ ಅವಳಿಗೆಂದು ತಂದ ಶಿರಾದ ತಟ್ಟೆ ಕೆಳಗಿಟ್ಟಳು. "ಯಾಕಂತ? ದೆವ್ವಕ್ಕ... ಹೆದರಿದ್ರೇನು?"

"ದೆವ್ವದ್ದೇನೂ ಪರವಾಗಿಲ್ಲಂತ ಅವ್ವಾ. ಬೀಗ್ತಿಗೆ ಹೆದರ್ಯಾರ."